ಪೀತಮ್‌ಪುರದ ಹ್ಯಾಲೊಜನ್ ಷೋ

ಹೋದ ಚಳಿಗಾಲದಲ್ಲಿ ಒಂದು ಮದುವೆಗೆಂದು ದೆಹಲಿಗೆ ಹೋದವಳು ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಇಳಿದುಕೊಂಡಿದ್ದೆ. ಬೆಳಿಗ್ಗೆ ಕಾಫಿಗೆಂದು ಕೆಳಗೆ ಬಂದರೆ ಅಂಗಳದ ಮೂಲೆಯ ಮೋರಿಗೆ ಯಾರೋ ಬ್ಲೀಚಿಂಗ್ ಪೌಡರ್ ಎರಚಿದ್ದರು. ಒದ್ದೆ ನೆಲದಿಂದ ಎದ್ದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ಒಂದು ಕೆಟ್ಟ ಬೈಗುಳ ಹೊರಬಿತ್ತು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಹಿರಿಯರು ಕತ್ತೆತ್ತಿ ನೋಡಿದರು. ಐವತ್ತು ದಾಟಿದ, ಇಸ್ತ್ರಿ ಮಾಡಿದ ಕಾಟನ್ ಸೀರೆಯ ಹೆಂಗಸಿನಿಂದ ಅವರು ಅಂಥದ್ದನ್ನು ನಿರೀಕ್ಷಿಸಿರಲಿಲ್ಲ. ‘ನಿಮಗಲ್ಲ ಸರ್, ಬೇರೆಯವರಿಗೆ’ ಎಂದೆ. ಆ ಬೇರೆಯವರು ಚಾವ್ಲಾ ಸರ್. ಅವರು ಅಲ್ಲಿರಲಿಲ್ಲ. ಇದ್ದಿದ್ದರೂ ಬೈಗುಳವನ್ನು ಬದಲಿಸುತ್ತಿರಲಿಲ್ಲ.

ಮೆಟ್ರೋ ಪೀತಮ್‌ಪುರಕ್ಕೆ ಬಂದ ಹೊಸತು ಅದು. ಹೌಜ್ ಖಾಸ್ ಬಳಿಯ ಸಂಸ್ಥೆಯೊಂದರಲ್ಲಿ ನಾನು ಫ್ಲೋರಿನ್ ಸಂಯುಕ್ತಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಫೆಲೋಶಿಪ್ ಮುಗಿದಿತ್ತು, ಪ್ರಬಂಧ ಮುಗಿದಿರಲಿಲ್ಲ. ಹೊಟ್ಟೆಪಾಡಿಗೆ ಪೀತಮ್‌ಪುರದ ಕೋಚಿಂಗ್ ಸೆಂಟರ್ ಒಂದಕ್ಕೆ ಸಹಾಯಕ ಶಿಕ್ಷಕಿಯಾಗಿ ಸೇರಿದೆ. ಸೆಂಟರ್ ಅಂದರೆ ಸ್ವೀಟ್ ಅಂಗಡಿಯ ಮೇಲಿನ ಎರಡು ಮಹಡಿ. ಕೆಳಗೆ ಜಿಲೇಬಿ ಕರಿಯುತ್ತಿದ್ದರು, ಮೇಲೆ ಮಕ್ಕಳನ್ನು. ಅದರ ಮಾಲೀಕನೂ ಮುಖ್ಯ ಕೆಮಿಸ್ಟ್ರಿ ಮೇಷ್ಟ್ರೂ ಚಾವ್ಲಾ ಸರ್ ಒಬ್ಬರೇ. ಆಗ ಎದುರಿಗೆ ‘ಸರ್’ ಎನ್ನದೆ ವಿಧಿಯಿರಲಿಲ್ಲ. ಈಗ ‘ಆತ’ ಎಂದು ಬರೆಯಲು ನನಗೆ ಯಾವ ಅಡ್ಡಿಯೂ ಇಲ್ಲ.

ಆತನ ಮುಖ ಮೆಟ್ರೋ ಕಂಬಗಳ ಮೇಲೆಲ್ಲ ನಗುತ್ತಿತ್ತು. ಕೂದಲಿಗೆ ಕಪ್ಪು ಬಣ್ಣ, ಕೋಟಿನ ಕಾಲರಿಗೆ ಸಿಕ್ಕಿಸಿದ ಮೈಕು. ತರಗತಿಗೆ ಬರುವ ಮೊದಲು ಸ್ಪೀಕರಿನಲ್ಲಿ ಸಂಗೀತ ಹಾಕಿಸಿಕೊಳ್ಳುತ್ತಿದ್ದ. ಬಂದವನೇ ಕೈ ಎತ್ತಿದರೆ ಇನ್ನೂರು ಮಕ್ಕಳು ಚಪ್ಪಾಳೆ ತಟ್ಟಬೇಕು. ಸೆಂಟರಿನಲ್ಲಿ ಪ್ರಯೋಗಾಲಯ ಇರಲಿಲ್ಲ. ಒಂದು ಪ್ರನಾಳ, ಒಂದು ಬೀಕರು ಕೂಡ ಇರಲಿಲ್ಲ. ರಸಾಯನಶಾಸ್ತ್ರವೆಂದರೆ ಆತನಿಗೆ ಬಿಳಿಯ ಬೋರ್ಡಿನ ಮೇಲೆ ನೀಲಿ ಮಾರ್ಕರಿನಲ್ಲಿ ಬರೆಯುವ ವಸ್ತು.

ಹ್ಯಾಲೊಜನ್‌ಗಳ ಪಾಠ ಆತನ ಹೆಮ್ಮೆಯ ಪಾಠ. ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್, ಅಸ್ಟಟೀನ್ ಎಂಬ ಐದು ಹೆಸರು ನೆನಪಿಡಲು ಒಂದು ಸೂತ್ರ ಕಟ್ಟಿದ್ದ: ‘ಫೂಫಾಜೀ, ಕ್ಲಬ್, ಬ್ರೇಕ್‌ಫಾಸ್ಟ್, ಇಡ್ಲಿ, ಅಟ್ಯಾಕ್!’ ಫೂಫಾಜೀ ಅಂದರೆ ಸೋದರತ್ತೆಯ ಗಂಡ. ಇಡ್ಲಿ ಎನ್ನುವಾಗ ಹಿಂದಿನ ಬೆಂಚಿನಲ್ಲಿ ಕೂತ ನನ್ನ ಕಡೆ ಕೈ ತೋರಿಸುತ್ತಿದ್ದ. ಮಕ್ಕಳು ನಗುತ್ತಿದ್ದರು. ಆ ಐದೂ ಯಾಕೆ ಒಂದೇ ಕುಟುಂಬ, ಒಂದೊಂದು ಎಲೆಕ್ಟ್ರಾನಿನ ಕೊರತೆಯಿಂದ ಅವು ಎದುರಿಗೆ ಸಿಕ್ಕಿದ್ದನ್ನೆಲ್ಲ ಹೇಗೆ ಕಿತ್ತು ತಿನ್ನುತ್ತವೆ, ಸೋಡಿಯಮ್ಮಿನಂಥ ಉರಿಯುವ ಲೋಹವನ್ನೂ ಕ್ಲೋರಿನ್‌ನಂಥ ವಿಷವನ್ನೂ ಸೇರಿಸಿದರೆ ನಾವು ಸಾರಿಗೆ ಹಾಕುವ ಉಪ್ಪು ಹೇಗೆ ಹುಟ್ಟುತ್ತದೆ ಎಂಬ ಮಾತು ಆತನ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ಬರಲು ಆತನಿಗೆ ಅದು ಆಶ್ಚರ್ಯವೆನಿಸಿರಬೇಕಲ್ಲ.

ನಮ್ಮ ಲ್ಯಾಬಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲವನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುತ್ತಿದ್ದೆವು, ಏಕೆಂದರೆ ಅದು ಗಾಜನ್ನೇ ತಿಂದುಹಾಕುತ್ತದೆ. ಆ ಬಾಟಲಿಯ ಕಪಾಟಿನ ಬೀಗ ತೆಗೆಯುವ ಮೊದಲು ನಾನು ಎರಡು ಸಲ ಕೈಗವಸು ನೋಡಿಕೊಳ್ಳುತ್ತಿದ್ದೆ. ಹ್ಯಾಲೊಜನ್‌ಗಳ ಜೊತೆ ಬದುಕಿದವರಿಗೆ ಬರುವ ಮೊದಲ ಜ್ಞಾನ ಭಯ. ಚಾವ್ಲಾನಿಗೆ ಭಯವಿರಲಿಲ್ಲ. ಅದನ್ನು ಧೈರ್ಯವೆಂದು ಮಕ್ಕಳು ತಿಳಿದಿದ್ದರು. ಪರಿಚಯವೇ ಇಲ್ಲದವನಿಗೆ ಭಯ ಎಲ್ಲಿಂದ ಬರಬೇಕು?

ಆ ಇನ್ನೂರರಲ್ಲಿ ಒಬ್ಬಳು ಮಾತ್ರ ಒಂದು ದಿನ ಎದ್ದು ನಿಂತಳು. ‘ಸರ್, ಕ್ಲೋರಿನ್ ಗ್ಯಾಸ್ ಹೈ, ಬ್ರೋಮಿನ್ ಲಿಕ್ವಿಡ್ ಹೈ, ಅಯೋಡಿನ್ ಸಾಲಿಡ್. ಕ್ಯೋಂ?’ ಯಾಕೆ ಹಾಗೆ ಎಂದು ಕೇಳಿದಳು.

‘ಎಕ್ಸಾಮ್ ಮೇಂ ನಹೀಂ ಆತಾ, ಬೇಟಾ. ಬೈಠ್ ಜಾವೋ.’ ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎಂದ ಆತ.

ತರಗತಿ ಮುಗಿದ ಮೇಲೆ ಅವಳು ನನ್ನ ಹತ್ತಿರ ಬಂದು, ‘ಮೇಡಂ, ನೀವು ಕನ್ನಡ ಅಲ್ವಾ?’ ಎಂದಳು. ದೇಚಮ್ಮ ಎಂದು ಹೆಸರು, ಮನೆಯಲ್ಲಿ ದೇಚು. ಕೊಡಗಿನವರು. ತಂದೆ ಪೂವಯ್ಯ ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾಗಿ, ಒಂದು ಬ್ಯಾಂಕಿನ ಭದ್ರತೆಯ ಕೆಲಸದಲ್ಲಿದ್ದರು. ಮಗಳ ಹನ್ನೆರಡನೇ ಕ್ಲಾಸು ಮುಗಿಯಲಿ ಎಂದು ಪೀತಮ್‌ಪುರದಲ್ಲೇ ಬಾಡಿಗೆ ಮನೆ ಹಿಡಿದಿದ್ದರು. ಹುಡುಗಿಗೆ ಅಸ್ತಮಾ. ಚಳಿಗಾಲದ ದೆಹಲಿಯ ಹೊಗೆಯಲ್ಲಿ ಇನ್‌ಹೇಲರ್ ಪಂಪನ್ನು ಸ್ವೆಟರಿನ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದಳು. ಅವಳ ಪ್ರಶ್ನೆಗೆ ಮೆಟ್ಟಿಲ ಮೇಲೆ ಕೂತು ಉತ್ತರ ಹೇಳಿದೆ: ಅಣು ದೊಡ್ಡದಾದಷ್ಟೂ ಅದರ ಎಲೆಕ್ಟ್ರಾನುಗಳ ಮೋಡ ದೊಡ್ಡದು, ಅಷ್ಟೂ ಅಣುಗಳು ಒಂದನ್ನೊಂದು ಬಿಗಿಯಾಗಿ ಎಳೆಯುತ್ತವೆ. ಅದಕ್ಕೇ ಅಯೋಡಿನ್ ಗಟ್ಟಿ.

‘ಇಷ್ಟೇನಾ? ಸರ್‌ಗೆ ಹೇಳೋಕೆ ಏನಾಗಿತ್ತು ಮೇಡಂ?’

ಏನಾಗಿತ್ತು ಎಂದು ನಾನು ಹೇಳಲಿಲ್ಲ. ನನ್ನ ಸಂಬಳ ಕೊಡುತ್ತಿದ್ದವನು ಆತನೇ.

ಜನವರಿಯಲ್ಲಿ ಆತನಿಗೆ ಹೊಸ ಆಲೋಚನೆ ಬಂತು. ಮುಂದಿನ ವರ್ಷದ ಸೇರ್ಪಡೆಗೆ ತಂದೆತಾಯಂದಿರನ್ನು ಸೆಳೆಯಬೇಕು, ಅದಕ್ಕೊಂದು ಭಾನುವಾರ ಮದುವೆಯ ಹಾಲ್ ಹಿಡಿದು ‘ಹ್ಯಾಲೊಜನ್ ಷೋ’ ಮಾಡಬೇಕು. ಅಯೋಡಿನ್ ಬಿಸಿ ಮಾಡಿ ನೇರಳೆ ಹೊಗೆ ಎಬ್ಬಿಸುವುದು, ಕ್ಲೋರಿನ್ ಹಾಯಿಸಿ ಕೆಂಪು ಗುಲಾಬಿಯನ್ನು ಬೆಳ್ಳಗೆ ಮಾಡುವುದು. ನನ್ನನ್ನು ಕರೆದು, ‘ಮೇಡಂಜೀ, ಆಪ್ ತೋ ರಿಸರ್ಚ್‌ವಾಲೀ ಹೈಂ, ಸಾಮಾನು ಏನೇನು ಬೇಕು ಹೇಳಿ’ ಎಂದ.

ಹಾಲ್ ನೆಲಮಾಳಿಗೆಯಲ್ಲಿತ್ತು. ನಾನು ಹೋಗಿ ನೋಡಿ ಬಂದೆ. ಕಿಟಕಿ ಇಲ್ಲ, ಗೋಡೆಗೆ ವೆಲ್ವೆಟ್ ಪರದೆ, ಮೇಲೆ ಹೋಗಲು ಒಂದೇ ಮೆಟ್ಟಿಲು, ವೇದಿಕೆಯ ಹಿಂದೆ ಅಡುಗೆಮನೆಗೆ ಒಂದು ಬಾಗಿಲು. ಆತನಿಗೆ ಹೇಳಿದೆ: ‘ಸರ್, ಕ್ಲೋರಿನ್ ಬೇಡ. ಮಾಡಲೇಬೇಕಿದ್ದರೆ ನಮ್ಮ ಬಿಲ್ಡಿಂಗಿನ ತಾರಸಿಯ ಮೇಲೆ, ಬಿಸಿಲಲ್ಲಿ, ಒಂದು ಪ್ರನಾಳದಲ್ಲಿ ಚಿಟಿಕೆ ಪುಡಿ ಹಾಕಿ ಮಾಡೋಣ. ಅದು ಗಾಳಿಗಿಂತ ಭಾರ. ನೆಲಮಾಳಿಗೆಗೆ ಸುರಿದರೆ ನೀರು ನಿಂತ ಹಾಗೆ ನಿಲ್ಲುತ್ತದೆ.’

ಆತ ನಕ್ಕ. ‘ಟೆಸ್ಟ್ ಟ್ಯೂಬ್ ಮೂರನೇ ಸಾಲಿಗೂ ಕಾಣಲ್ಲ, ಮೇಡಂಜೀ. ಪೇರೆಂಟ್ಸ್ ತಾರಸಿ ಹತ್ತಲ್ಲ. ನಾನು ಎಷ್ಟೋ ವರ್ಷದಿಂದ ಕ್ಲೋರಿನ್ ಪಾಠ ಮಾಡ್ತಾ ಇದೀನಿ.’

‘ಕ್ಲೋರಿನ್‌ಗೆ ಅದು ಗೊತ್ತಿಲ್ಲ, ಸರ್’ ಎಂದೆ.

ವೇದಿಕೆಯ ಕೆಲಸದಿಂದ ನನ್ನನ್ನು ತೆಗೆದುಹಾಕಿದ. ನನಗೂ ಅದೇ ಬೇಕಿತ್ತು. ಆದರೆ ಗುಲಾಬಿ ಹಿಡಿದು ನಿಲ್ಲಲು ದೇಚುವನ್ನು ಆರಿಸಿದ್ದು ಗೊತ್ತಾದಾಗ ಅವಳಿಗೆ ಬೇಡವೆಂದೆ. ‘ಅಪ್ಪ ಅಮ್ಮ ನೋಡೋಕೆ ಬರ್ತಾರೆ ಮೇಡಂ, ಪ್ಲೀಸ್’ ಎಂದಳು. ಹದಿನೇಳು ವರ್ಷದ ಹುಡುಗಿ, ಯಾವತ್ತೂ ಮುಂದಿನ ಬೆಂಚು ಸಿಗದವಳು. ಆಗಲಿ, ಆದರೆ ವಾಸನೆ ಬಂದ ಕೂಡಲೇ ಉಸಿರು ಹಿಡಿದು ಇಳಿದು ಬಾ ಎಂದು ಹೇಳಿ, ಆ ಭಾನುವಾರ ನಾನೂ ಹೋಗಿ ಮೆಟ್ಟಿಲ ಹತ್ತಿರ ಕೂತೆ.

ಹಾಲಿಗೆ ಕಾಲಿಟ್ಟರೆ ಕಣ್ಣು ಕೋರೈಸಿತು. ಹಾಲ್‌ನ ಅಲಂಕಾರದವನಿಗೆ ಫೋನಿನಲ್ಲಿ ‘ಹ್ಯಾಲೊಜನ್ ಷೋ’ ಎಂದಷ್ಟೇ ಹೇಳಿದ್ದರಂತೆ. ದೆಹಲಿಯಲ್ಲಿ ಹ್ಯಾಲೊಜನ್ ಅಂದರೆ ಮದುವೆ ಮೆರವಣಿಗೆಯ ದೀಪ. ಆ ಅಲಂಕಾರದವನು ಇದ್ದಬದ್ದ ಹ್ಯಾಲೊಜನ್ ಲೈಟುಗಳನ್ನೆಲ್ಲ ತಂದು ವೇದಿಕೆಯ ಸುತ್ತ ನಿಲ್ಲಿಸಿದ್ದ. ಚಾವ್ಲಾನಿಗೆ ಅದು ಬಹಳ ಹಿಡಿಸಿತ್ತು. ಮೇಜಿನ ಮೇಲೆ ಮೀನು ಸಾಕುವ ದೊಡ್ಡ ಗಾಜಿನ ತೊಟ್ಟಿ, ಪಕ್ಕದಲ್ಲಿ ಈಜುಕೊಳಕ್ಕೆ ಹಾಕುವ ಬ್ಲೀಚಿಂಗ್ ಪೌಡರಿನ ಡಬ್ಬ, ಬಚ್ಚಲು ತೊಳೆಯುವ ಆಸಿಡ್ಡಿನ ಬಾಟಲಿ. ಮಕ್ಕಳು, ತಂದೆತಾಯಂದಿರು, ಸಮೋಸಾ, ಟೀ. ಹೊರಗಿನ ಚಳಿ ಬಾರದಿರಲಿ ಎಂದು ಮೇಲಿನ ಬಾಗಿಲನ್ನೂ ಮುಚ್ಚಿದ್ದರು.

ಅಯೋಡಿನ್ ಚೆನ್ನಾಗಿಯೇ ಎದ್ದಿತು, ಜಂಬುನೇರಳೆ ಬಣ್ಣದ ಹೊಗೆ. ಆಮೇಲೆ ತೊಟ್ಟಿಗೆ ಒಂದು ಚಮಚ ಪುಡಿ, ಮೇಲೆ ಸ್ವಲ್ಪ ಆಸಿಡ್. ದೇಚು ಒದ್ದೆ ಗುಲಾಬಿಯನ್ನು ದಾರದಲ್ಲಿ ಇಳಿಬಿಟ್ಟಳು. ಎಸಳುಗಳ ಅಂಚು ಬಿಳಿಚಿಕೊಂಡವು. ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಿದ್ದರೆ ಒಂದೆರಡು ಕೆಮ್ಮಿನಲ್ಲಿ ಎಲ್ಲ ಮುಗಿಯುತ್ತಿತ್ತು. ಆದರೆ ಹಿಂದಿನಿಂದ ಯಾರೋ ‘ಒನ್ಸ್ ಮೋರ್!’ ಎಂದರು. ಚಪ್ಪಾಳೆಯ ಮುಂದೆ ಆ ಮನುಷ್ಯ ನಿಲ್ಲುವವನಲ್ಲ. ಡಬ್ಬವನ್ನೇ ತೊಟ್ಟಿಗೆ ಬೋರಲು ಹಾಕಿ, ಬಾಟಲಿಯನ್ನು ಪೂರ್ತಿ ಬಗ್ಗಿಸಿದ.

ನಾನು ಎದ್ದು ಕೂಗುವಷ್ಟರಲ್ಲಿ ತೊಟ್ಟಿ ತುಂಬಿ ಹರಿದಿತ್ತು. ಅಷ್ಟೊಂದು ಕ್ಲೋರಿನ್ನನ್ನು ನಾನೂ ಎಂದೂ ಕಂಡಿರಲಿಲ್ಲ. ಹಳದಿ ಬೆರೆತ ಹಸಿರು, ತೊಟ್ಟಿಯ ಅಂಚಿನಿಂದ ಮೇಜಿಗೆ, ಮೇಜಿನಿಂದ ವೇದಿಕೆಗೆ, ವೇದಿಕೆಯಿಂದ ಕಾರ್ಪೆಟ್ಟಿಗೆ, ಆತುರವಿಲ್ಲದೆ ಇಳಿಯಿತು. ದೀಪಗಳ ಬೆಳಕಿನಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ ಕೆಲವರು ಷೋನ ಭಾಗವೆಂದು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಮುಂದಿನ ಸಾಲು ಕೆಮ್ಮಲು ಶುರುಮಾಡಿದ ಮೇಲೆ ಚಪ್ಪಾಳೆ ನಿಂತಿತು.

ಆಗ ಚಾವ್ಲಾ ಸರ್ ಮಾಡಿದ್ದೇನು? ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ವೇದಿಕೆಯ ಹಿಂದಿನ ಬಾಗಿಲಿನಿಂದ ಹೊರಟುಹೋದ. ಕಾಲರಿನ ಮೈಕು ಇನ್ನೂ ಕೆಲಸ ಮಾಡುತ್ತಿತ್ತು. ಆತ ಓಡುವಾಗಿನ ಏದುಸಿರು ಸ್ಪೀಕರಿನಲ್ಲಿ ಇಡೀ ಹಾಲಿಗೆ ಕೇಳಿಸಿತು.

ಜನ ಕೆಮ್ಮಿ ಕೆಮ್ಮಿ ನೆಲಕ್ಕೆ ಕೂರುತ್ತಿದ್ದರು, ಅನಿಲ ಇದ್ದದ್ದೇ ನೆಲದಲ್ಲಿ. ‘ಬೈಠೋ ಮತ್! ಊಪರ್ ಚಲೋ!’ ಎಂದು ಕೂಗಿದೆ, ಕೂರಬೇಡಿ, ಮೇಲೆ ನಡೆಯಿರಿ ಎಂದು. ಪೂವಯ್ಯ ಮೇಲಿನ ಬಾಗಿಲನ್ನು ಒದ್ದು ತೆಗೆದು, ಮೆಟ್ಟಿಲ ಬುಡದಲ್ಲಿ ನಿಂತು, ಕವಾಯತಿನ ದನಿಯಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನೇ ಮೇಲಕ್ಕೆ ತಳ್ಳಿದರು. ನೂಕುನುಗ್ಗಲಾಗದಿದ್ದದ್ದು ಆ ದನಿಯಿಂದ. ನಾನು ದುಪಟ್ಟಾವನ್ನು ನೀರಿನ ಜಗ್ಗಿನಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ವೇದಿಕೆಯ ಕಡೆ ಹೋದೆ. ದೇಚು ಅಲ್ಲಿರಲಿಲ್ಲ. ಹಿಂದಿನ ಬಾಗಿಲ ಬಳಿ ಮಂಡಿಯೂರಿ, ಅಂಗೈಯಿಂದ ಅದನ್ನು ಬಡಿಯುತ್ತಿದ್ದಳು. ‘ದೇಚೂ, ಏಳು! ಕೂತ್ಕೋಬೇಡ, ಏಳು!’ ಎಂದು ತೋಳಿಗೆ ಕೈಹಾಕಿ ಎಬ್ಬಿಸಿದೆ. ಅವಳ ತುಟಿ ನೀಲಿಗಟ್ಟಿತ್ತು. ಕಣ್ಣು ಬಿಡಲಾಗದೆ ಇಬ್ಬರೂ ಕುರ್ಚಿಗಳಿಗೆ ಡಿಕ್ಕಿ ಹೊಡೆಯುತ್ತ ಮೆಟ್ಟಿಲು ತಲುಪಿದೆವು. ಮೇಲೆ ಬಂದಾಗ ಬಿಸಿಲಿತ್ತು. ಅವಳ ತಾಯಿ ಪಾರ್ವತಿಯವರು ಫುಟ್‌ಪಾತಿನ ಮೇಲೆ ಮಗಳ ಮುಖವನ್ನು ತೊಳೆದರು.

ಹತ್ತಿರದ ನರ್ಸಿಂಗ್ ಹೋಮಿಗೆ ನಾವು ತಲುಪುವ ಹೊತ್ತಿಗೆ ಚಾವ್ಲಾ ಅಲ್ಲಿದ್ದ. ಕೋಟು ಕೂಡ ಸುಕ್ಕಾಗಿರಲಿಲ್ಲ. ‘ಸ್ಟೇಜಿನ ಹೊಗೆ ಮಷೀನು ಡಾಕ್ಟರ್ ಸಾಬ್, ಸ್ವಲ್ಪ ಜಾಸ್ತಿ ಆಯ್ತು, ಮಕ್ಕಳು ಗಾಬರಿಯಾದ್ರು’ ಎನ್ನುತ್ತಿದ್ದ. ಡಾಕ್ಟರು ತಲೆಯಾಡಿಸಿ, ಪಂಪು ಕೊಟ್ಟು ಮನೆಗೆ ಕಳಿಸುವ ಲೆಕ್ಕದಲ್ಲಿದ್ದರು. ನಾನು ನಡುವೆ ನುಗ್ಗಿ ನಿಂತೆ.

‘ಹೊಗೆ ಅಲ್ಲ. ಕ್ಲೋರಿನ್. ಮುಚ್ಚಿದ ನೆಲಮಾಳಿಗೆ. ಈ ಹುಡುಗಿಗೆ ಅಸ್ತಮಾ ಇದೆ.’

ಡಾಕ್ಟರ ಮುಖ ಬದಲಾಯಿತು. ಚಾವ್ಲಾ ನನ್ನ ಕಡೆ ನೋಡಿ, ‘ಮೇಡಂಜೀ, ಇಷ್ಟು ದೊಡ್ಡ ಮಾತು ಯಾಕೆ?’ ಎಂದ, ಮೆಲ್ಲಗೆ. ಕ್ಲೋರಿನ್ ಶ್ವಾಸಕೋಶದೊಳಗಿನ ತೇವದಲ್ಲಿ ಕರಗಿ ಆಮ್ಲವಾಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರಿಗೂ ಸಂಜೆ ಎದೆಯಲ್ಲಿ ನೀರು ತುಂಬಬಹುದು. ದೇಚುವಿಗೆ ತುಂಬಿತು. ಸಂಜೆಯಾಗುತ್ತ ಉಸಿರು ಗೊರಗೊರ ಎನ್ನತೊಡಗಿದಾಗ ಅವಳು ಆಮ್ಲಜನಕದ ಪಕ್ಕದಲ್ಲೇ ಇದ್ದಳು. ‘ಹೊಗೆ ಮಷೀನ’ನ್ನು ನಂಬಿದ್ದರೆ ಮನೆಯ ಮಂಚದ ಮೇಲೆ ಇರುತ್ತಿದ್ದಳು.

ಮೂರನೆಯ ದಿನ ಅವಳಿಗೆ ದನಿ ಬಂತು. ಹಾಸಿಗೆಯ ಸುತ್ತ ನಾವು ಮೂವರೂ ಇದ್ದೆವು. ಒಡೆದ ದನಿಯಲ್ಲಿ ಅಂದಳು, ‘ಮೇಡಂ, ಅವ್ರು ಕುಂಡಿ ಹಾಕಿದ್ರು.’

ಪಾರ್ವತಿಯವರು ಬಾಯಿಗೆ ಕೈ ಇಟ್ಟುಕೊಂಡರು. ದೆಹಲಿಯಲ್ಲಿ ಬೆಳೆದ ಮಗುವಿನ ಕನ್ನಡ. ಹಿಂದಿಯಲ್ಲಿ ಕುಂಡಿ ಅಂದರೆ ಚಿಲಕ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆವು.

‘ಯಾವ ಬಾಗಿಲಿಗೆ?’ ಎಂದರು ಪೂವಯ್ಯ.

‘ಕಿಚನ್ ಬಾಗಿಲಿಗೆ, ಆ ಕಡೆಯಿಂದ. ನಾನು ಸರ್ ಹಿಂದೇನೇ ಓಡಿದ್ದೆ ಅಪ್ಪ. ಬಾಗಿಲು ಮುಚ್ಚಿದ್ರು. ಆಮೇಲೆ ಟಕ್ ಅಂತ ಕೇಳಿಸ್ತು.’

ಅನಿಲ ತನ್ನ ಹಿಂದೆ ಬಾರದಿರಲಿ ಎಂದು ಚಿಲಕ ಹಾಕಿದ್ದ. ಹಿಂದೆ ಮಕ್ಕಳಿದ್ದರು ಎಂಬುದು ಆತನಿಗೆ ಗೊತ್ತಿತ್ತೋ ಇಲ್ಲವೋ ಎಂದು ಬಹಳ ವರ್ಷ ಯೋಚಿಸಿದ್ದೇನೆ. ಅಂಥವನಿಗೆ ಅನುಮಾನದ ಲಾಭ ಕೊಡಲು ನನಗೆ ಮನಸ್ಸಾಗುವುದಿಲ್ಲ.

ಮರುದಿನ ಆತ ಹಣ್ಣಿನ ಬುಟ್ಟಿ ಹಿಡಿದು, ಫೋಟೋಗ್ರಾಫರನನ್ನು ಕರೆದುಕೊಂಡು ಬಂದ. ದೇಚುವಿಗೆ ಮುಂದೆ ಯಾವ ಕೋಚಿಂಗ್ ಬೇಕಾದರೂ ಫ್ರೀ ಎಂದ. ಪೂವಯ್ಯ ಎದ್ದು ನಿಂತು ಬುಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಷ್ಟೇ ಗೌರವದಿಂದ ಬಾಗಿಲಾಚೆಯ ಬೆಂಚಿನ ಮೇಲಿಟ್ಟು ಬಂದರು. ಪೊಲೀಸರಿಗೆ ದೂರು ಕೊಟ್ಟರು. ನಾನು ಕಂಡದ್ದನ್ನೆಲ್ಲ ಹೇಳಿ ಬಂದೆ. ಹಾಲ್‌ನವರು ಆ ಬಾಗಿಲಿಗೆ ಚಿಲಕವೇ ಇಲ್ಲವೆಂದರು. ನೋಡಿದರೆ ಹೌದು, ಇರಲಿಲ್ಲ. ಬಾಗಿಲಿಗೆ ಹೊಸ ಬಣ್ಣ ಬಳಿದಿತ್ತು. ದೂರು ಅಲ್ಲೇ ನಿಂತಿತು. ಆಮೇಲೆ ಬಡಾವಣೆಯ ಜಾಹೀರಾತು ಪತ್ರಿಕೆಯಲ್ಲಿ ಆತನ ಫೋಟೋ: ಅಪಘಾತದಲ್ಲಿ ಪ್ರಾಣದ ಹಂಗು ತೊರೆದು ವಿದ್ಯಾರ್ಥಿಗಳನ್ನು ಕಾಪಾಡಿದ ಗುರು. ಕೆಳಗೆ ಸೇರ್ಪಡೆಯ ವಿವರ.

ನಾನು ಅಂದೇ ಕೆಲಸ ಬಿಡಬೇಕೆಂದಿದ್ದೆ. ದೇಚು ತಡೆದಳು. ‘ನಾನು ಒಂದು ಸಲ ಕ್ಲಾಸಿಗೆ ಬರ್ತೀನಿ ಮೇಡಂ. ಅಲ್ಲೀವರೆಗೆ ಇರಿ.’

ಬಂದಳು, ಫೆಬ್ರವರಿಯಲ್ಲಿ, ಎರಡು ಸ್ವೆಟರ್ ಹಾಕಿಕೊಂಡು, ಮಹಡಿಗೊಮ್ಮೆ ನಿಂತು ಸುಧಾರಿಸಿಕೊಂಡು. ಸಂಗೀತ ಮೊಳಗಿತು. ಚಾವ್ಲಾ ಕೈ ಎತ್ತಿದ. ಅವಳನ್ನು ಕಂಡು, ‘ದೇಖೋ, ಹಮಾರೀ ಬಹಾದುರ್ ಬೇಟೀ!’ ಎಂದು ಚಪ್ಪಾಳೆ ಹೊಡೆಸಿದ. ಆ ದಿನ ತಾನು ಹೇಗೆ ಸಹಾಯ ಕರೆಯಲು ಓಡಿದೆ ಎಂದು ಹೇಳತೊಡಗಿದ. ದೇಚು ಎದ್ದು ನಿಂತಳು.

‘ಸರ್, ದರ್ವಾಜಾ ಕಿಸ್ನೇ ಬಂದ್ ಕಿಯಾ?’ ಬಾಗಿಲು ಮುಚ್ಚಿದ್ದು ಯಾರು ಎಂದು.

ಆತ, ‘ಹವಾ ಸೇ ಬಂದ್ ಹೋ ಗಯಾ ಹೋಗಾ, ಬೇಟಾ’ ಎಂದ. ಗಾಳಿಗೆ ಮುಚ್ಚಿಕೊಂಡಿರಬೇಕಂತೆ.

‘ಹವಾ ಕುಂಡೀ ನಹೀಂ ಲಗಾತೀ, ಸರ್.’

ಗಾಳಿ ಚಿಲಕ ಹಾಕುವುದಿಲ್ಲ. ಚಾವ್ಲಾ ಬೋರ್ಡಿನ ಕಡೆ ತಿರುಗಿ ಮಾರ್ಕರಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಏನೂ ಬರೆಯಲಿಲ್ಲ. ದೇಚು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಹಿಂದಿನ ಬೆಂಚಿನಿಂದ ನಾನೂ ಎದ್ದೆ. ಉಳಿದವರೂ ಏಳುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಏಳಲಿಲ್ಲ. ಪರೀಕ್ಷೆ ಹತ್ತಿರವಿತ್ತು, ಹ್ಯಾಲೊಜನ್ ರಿವಿಷನ್ ಇನ್ನೂ ಬಾಕಿಯಿತ್ತು. ನಾವು ಮೆಟ್ಟಿಲಿಳಿಯುವಾಗ ಮೇಲಿನಿಂದ ಫೂಫಾಜಿಯೂ ಇಡ್ಲಿಯೂ ಒಕ್ಕೊರಲಿನಲ್ಲಿ ಕೇಳಿಬಂದವು.

ಕೆಳಗೆ ಪೂವಯ್ಯ ಸ್ಕೂಟರ್ ಹಿಡಿದು ನಿಂತಿದ್ದರು. ‘ಕೇಳಿದ್ಯಾ?’

‘ಕೇಳ್ದೆ ಅಪ್ಪ.’

‘ಏನಂದ್ರು?’

‘ಗಾಳಿ ಅಂದ್ರು.’

ಬೀದಿಯಲ್ಲಿ ಕಾಗದದ ಚೂರು ಕೂಡ ಎಸೆಯದ ಆ ಶಿಸ್ತಿನ ಮನುಷ್ಯ ಮೋರಿಯ ಕಡೆ ತಿರುಗಿ ಉಗಿದರು. ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ‘ಬನ್ನಿ ಮೇಡಂ, ಮನೇಲಿ ಊಟ ಮಾಡ್ಕೊಂಡು ಹೋಗಿ’ ಎಂದರು.

ಆ ಸೆಂಟರ್ ಮುಚ್ಚಿತು ಎಂದು ಬರೆಯುವ ಆಸೆ ನನಗೂ ಇದೆ. ಮುಚ್ಚಲಿಲ್ಲ. ಮರುವರ್ಷ ಇನ್ನೊಂದು ಮಹಡಿ ಹಿಡಿಯಿತು. ನಾನು ಪೂವಯ್ಯನವರ ಮನೆಯ ತಾರಸಿಯಲ್ಲಿ ದೇಚುವಿಗೆ ಪಾಠ ಹೇಳಿದೆ. ಬಿಸಿಲಿಗೆ ಚಾಪೆ ಹಾಕಿಕೊಂಡು, ಅವಳು ದಣಿದಾಗ ನಿಲ್ಲಿಸುತ್ತ, ಬ್ರೋಮಿನ್ ನೀರಿನ ಬಣ್ಣ, ಫೋಟೋ ಫಿಲ್ಮಿನ ಬೆಳ್ಳಿಯ ಲವಣ, ಅಡುಗೆ ಉಪ್ಪಿಗೆ ಅಯೋಡಿನ್ ಸೇರಿಸುವ ಕಾರಣ, ಎಲ್ಲ ಮಾತಾಡಿದೆವು. ಅಷ್ಟು ನೆಮ್ಮದಿಯಾಗಿ ನಾನು ಯಾವ ಸಂಸ್ಥೆಯಲ್ಲೂ ಪಾಠ ಮಾಡಿದ್ದಿಲ್ಲ.

ಮಾರ್ಚಿನಲ್ಲಿ ಅವಳು ಪರೀಕ್ಷೆ ಬರೆದಳು. ಕೆಮಿಸ್ಟ್ರಿಯ ದಿನ ಶಾಲೆಯ ಗೇಟಿನ ಹತ್ತಿರ ಕಾದು ನಿಂತಿದ್ದೆ. ಪ್ರಶ್ನೆಪತ್ರಿಕೆಯನ್ನು ಕೊಟ್ಟಳು. ಕ್ಲೋರಿನ್ ಅನಿಲದ ಗುಣಗಳನ್ನು ಬರೆಯಿರಿ ಎಂಬ ಪ್ರಶ್ನೆ ಇತ್ತು.

‘ಇದಕ್ಕೆ ಏನು ಬರೆದೆ?’ ಎಂದೆ.

‘ಬುಕ್ಕಲ್ಲಿ ಇರೋದೇ ಬರ್ದೆ ಮೇಡಂ’ ಎಂದಳು. ‘ಉಳಿದದ್ದಕ್ಕೆ ಮಾರ್ಕ್ಸ್ ಕೊಡಲ್ಲ.’